ಬದಲಾವಣೆ ಏನೂ ಇಲ್ಲ

ಕ್ಲೈಪೇದದ ಹಡಗುಕಟ್ಟೆಯ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಅಲ್ವಿದಾಸನದೇ ಕೈ.
ಟಿಕೆಟ್ಟಿನ ಯಂತ್ರ, ಗೇಟಿನ ಯಂತ್ರ,
ಮರಳದಿಬ್ಬದ ದಡಕ್ಕೆ ಹೋಗಿಬರುವ ದೋಣಿಗಳ ಲೆಕ್ಕ,
ಎಲ್ಲ ಅವನೇ ಕಟ್ಟಿದ್ದು, ಒಂದೊಂದೇ ಆಜ್ಞೆ ಕುಟ್ಟಿ,
ಕೂಸಿಗೆ ತುತ್ತು ಕೊಟ್ಟ ಹಾಗೆ.

ಯಾಕೆ ಹೀಗಿದೆ ಎಂದು ಕೇಳಿದರೆ
"ಹೀಗಿದ್ದರೆ ಓಡುತ್ತೆ" ಅನ್ನುವನು.
ಓಡುತ್ತಿತ್ತು. ಅದನ್ನು ಕೈಗುಣ ಅನ್ನೋಣ.
ನಿವೃತ್ತನಾದಾಗ ಬಿಟ್ಟುಹೋದದ್ದು
ಹೊಗೆಮೀನಿನ ವಾಸನೆಯ ಚೌಕಳಿ ನೋಟ್‌ಬುಕ್ಕು,
ಅದರಲ್ಲೊಂದು ಪೆನ್ಸಿಲ್ಲಿನ ಅಪ್ಪಣೆ:
ಮೂರನೆಯದನ್ನು ಮಂಗಳವಾರ ಆರಿಸಬೇಡಿ.
ಯಾವ ಮೂರನೆಯದು?
ಎಡದಿಂದಲೋ, ಬಲದಿಂದಲೋ?

ಕೈಗುಣಕ್ಕೆ ನಕಲು ಪ್ರತಿ ಇರುವುದಿಲ್ಲ.

ಝಿವಿಲೆ, ಇಪ್ಪತ್ತಾರರವಳು, ಶೀತಕ್ಕೆ ಮೂಗು ಕೆಂಪು,
ಖಾಲಿ ಫೈಲೊಂದ ತೆರೆದು ಕೂತಳು.
ಮಾಡು ಎನ್ನುವುದಲ್ಲ ಇಲ್ಲಿ, ಇರಲಿ ಎನ್ನುವುದು.
ಒಂದು ಯಂತ್ರ ಇರಲಿ, ಇಷ್ಟು ನೆನಪು ಇರಲಿ,
ಸುತ್ತ ಬೇಲಿ, ಬೇಲಿಗೆರಡು ಬಾಗಿಲು ಇರಲಿ.
ಯಾವುದು ಮೊದಲು, ಯಾವುದು ಆಮೇಲೆ, ಅದು ಅದರ ಪಾಡು.
ಇಪ್ಪತ್ತೇ ಸಾಲು.
ಒಂದು ಆವರಣ ಚಿಹ್ನೆ ಮುಚ್ಚಲು ಮರೆತು
ಊಟದ ಹೊತ್ತು ದಾಟಿತು.

ಯೋಜನೆ ತೋರಿಸು ಎಂದಳು. ತೋರಿಸಿತು:
ಸೇರುವುದು ನಾಲ್ಕು, ಬದಲಾಗುವುದು ಸೊನ್ನೆ,
ಅಳಿಯುವುದು ಸೊನ್ನೆ. ಒಪ್ಪಿಗೆಯೇ?
ಹೂಂ ಅಂದಳು. ರದ್ದು ಅಂದಿತು.
ಸರಿ ಅಂದಳು. ಮತ್ತೆ ರದ್ದು.
ಹೌದು ಎಂದು ಅಕ್ಷರ ಬಿಡದೆ ಬರೆದ ಮೇಲೆ
ಎಲ್ಲೋ, ಅವಳು ಎಂದೂ ಕಾಣದ ಕಟ್ಟಡದಲ್ಲಿ
ಒಂದು ಯಂತ್ರ ಕಣ್ಣು ಬಿಟ್ಟಿತು, ನಲವತ್ತೊಂದು ಸೆಕೆಂಡಿಗೆ.
ಖುಷಿಗೆ ಅದನ್ನು ಅಳಿಸಿದಳು. ಮತ್ತೆ ಎಬ್ಬಿಸಿದಳು.
ಮತ್ತೆ ಅಳಿಸಿದಳು, ಎಂಜಲು ಹಚ್ಚಿ ಸ್ಲೇಟು ಒರೆಸುವ
ಒಂದನೇ ಕ್ಲಾಸಿನವಳ ಹಾಗೆ.

ಎರಡನೆಯ ವಾರ, ಕರೆಯಲು ಚೆನ್ನಾಗಿಲ್ಲವೆಂದು
ಒಂದು ಹೆಸರು ತಿದ್ದಿದಳು, ಅಷ್ಟೇ.
ಅಳಿಯುವುದು ಒಂದು, ಎಂದಿತು ಯೋಜನೆ.
ಅದು ಟಿಕೆಟ್ಟಿನ ಕಣಜ.
ಹೆಸರು ಬೇರೆಯಾದರೆ ಆಳೇ ಬೇರೆ,
ಹಳಬನನ್ನು ಕಳಿಸಿಬಿಡು, ಹೊಸಬನನ್ನು ಕರೆ:
ಅದಕ್ಕೆ ಗೊತ್ತಿರುವ ನ್ಯಾಯ ಇಷ್ಟೇ,
ದ್ವೇಷವಿಲ್ಲದ್ದು, ಅದಕ್ಕೇ ಹೆಚ್ಚು ಹರಿತ.
ಒಪ್ಪದೆ ಎದ್ದುಹೋಗಿ ಚಹಾ ಕುಡಿದಳು.
ಅದುವರೆಗೆ ಬರೆಯಲು ಕಲಿತಿದ್ದಳು,
ಓದಲು ಕಲಿತದ್ದು ಅಂದು.

ನವೆಂಬರು. ನೀರೂ ದಡವೂ ಒಂದೇ ಬಿಳಿ.
ಮರೆತ ಥರ್ಮಾಸಿಗೆಂದು ಅಲ್ವಿದಾಸ್ ರಾತ್ರಿ ಬಂದಾಗ
ಆಚೆ ದಡದಿಂದ ಕರೆ: ಗೇಟು ಕಚ್ಚಿಕೊಂಡಿದೆ,
ನಲವತ್ತು ಜನ, ಒಂದು ಹಾಲಿನ ಲಾರಿ.
ಅವನ ಗುಪ್ತಪದವನ್ನು ಯಾರೂ ತೆಗೆದಿರಲಿಲ್ಲ.
ಕೋಟು ಬಿಚ್ಚದೆ ಕೂತ. ಎರಡು ಸಾಲು ಕುಟ್ಟಿದ.
ದೋಣಿ ಹೊರಟಿತು. ಯಾರಿಗೂ ಹೇಳದೆ ಮನೆಗೆ ಹೋದ,
ಥರ್ಮಾಸನ್ನು ಮತ್ತೆ ಮರೆತು.

ಬೆಳಿಗ್ಗೆ ಯೋಜನೆ: ಬದಲಾಗುವುದು ಒಂದು.
ಬೇಲಿಯಲ್ಲಿ ಬರೆಯದೇ ಇದ್ದ ಬಾಗಿಲಿದೆ. ಮುಚ್ಚಲೇ?
ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.
ಝಿವಿಲೆ ಫೋನ್ ಮಾಡಿದಳು.
"ಮಂಜಿದ್ದರೆ ರೇಡಿಯೋ ಸೋಲುತ್ತೆ, ಹುಡುಗಿ,
ಆಚೆಯ ಗೇಟು ಆಗ ಈ ಹಿತ್ತಲ ಬಾಗಿಲಿಗೆ ಬರುತ್ತೆ."
"ಮೊದಲೇ ಹೇಳಬಾರದಿತ್ತೇ?"
ಬಹಳ ಹೊತ್ತು ಸುಮ್ಮನಿದ್ದ.
"ಹೇಳುವಂಥದ್ದು ಅಂತ ಗೊತ್ತಿರಲಿಲ್ಲ."

ಮೂರನೆಯ ಬಾಗಿಲು ಫೈಲಿಗೆ ಸೇರಿತು.
ಅದರ ನೆತ್ತಿಯ ಮೇಲೆ, ಯಂತ್ರ ದಾಟಿ ಹೋಗುವ
ಗುರುತು ಹಾಕಿ ಬರೆದಳು:
ಮಂಜಿನ ದಿನಕ್ಕೆ ಬೇಕು. ಕಾರಣ ಅಲ್ವಿದಾಸನಿಗೆ ಗೊತ್ತು.

ಶುಕ್ರವಾರ ಬಂದವನಿಗೆ ಅಚ್ಚು ಹಾಕಿ ಕೊಟ್ಟಳು.
ಕನ್ನಡಕ ಹುಡುಕಿ ಓದಿದ.
ಕೊನೆಯ ಮೂರು ಪದಕ್ಕೆ ಪೆನ್ಸಿಲ್ಲಿನಿಂದ ಗೀಟು ಎಳೆದು
ಕಾರಣವನ್ನೇ ಬರೆದ, ಅರ್ಧ ಪುಟ,
ಅವಳ ಒಂದು ಕಾಗುಣಿತವನ್ನೂ ತಿದ್ದಿದ.

ಹಾಗೇ ಏರಿಸಿ, ಕೇಳಿದಳು: ಈಗ ಯೋಜನೆ?
ಬದಲಾವಣೆ ಏನೂ ಇಲ್ಲ, ಎಂದಿತು.

ಅಲ್ವಿದಾಸ್ ಮೀನಿನ ಪೊಟ್ಟಣ ಬಿಚ್ಚಿದ.